ಎಣ್ಣೆಗೆ ಪ್ರವೇಶವಿಲ್ಲ

"ಇನ್ನು ಮೇಲೆ ಈ ಮನೆಯಲ್ಲಿ ಒಂದೇ ಒಂದು ಗುಳ್ಳೆ ಏಳಕೂಡದು" ಎಂದು ಸ್ಟೋರ್ ಸಾಹೇಬರು ಚಹಾದ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಸಾರಿದರು. ಮಣಿಯಕ್ಕ ಆಗ ಬಟ್ಟೆ ನೆನೆಹಾಕುತ್ತಿದ್ದಳು. ಅವಳು ಕೈ ಅದ್ದಿದ್ದ ಬಕೆಟ್ಟಿನ ತುಂಬ ಗುಳ್ಳೆಗಳೇ. ಒಮ್ಮೆ ಬಕೆಟ್ಟನ್ನು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು, ಬಟ್ಟೆ ಕುಕ್ಕಿದಳು. ಬಹಳ ಕಾಲ ಸಂಸಾರ ಮಾಡಿದವರಿಗೆ ಯಾವ ಮಾತಿಗೆ ಉತ್ತರ ಕೊಡಬೇಕು, ಯಾವ ಮಾತು ತಾನಾಗಿಯೇ ಒಣಗುತ್ತದೆ ಎಂಬುದು ಗೊತ್ತಿರುತ್ತದೆ.

ಈ ಮಾತು ಒಣಗಲಿಲ್ಲ.

ಸಾಹೇಬರು ಹೇಳಿದ್ದು ಬಟ್ಟೆಯ ಗುಳ್ಳೆಯಲ್ಲ, ಗ್ಯಾಸಿನ ಗುಳ್ಳೆ. ಗ್ಯಾಸಿನ ಪೈಪು ಜೋಡಿಸಿದ ಕಡೆ ಸಾಬೂನಿನ ನೀರು ಬಳಿದಾಗ ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ ಇದೆ ಎಂದರ್ಥ. ಏಳದಿದ್ದರೆ ಕ್ಷೇಮ. ಆ ಕ್ಷೇಮವನ್ನು ಸ್ವಂತ ಕೈಯಿಂದ ಸಾಧಿಸುವುದಾಗಿ ಸಾಹೇಬರು ಆ ಬೆಳಿಗ್ಗೆ ಪಣ ತೊಟ್ಟಿದ್ದರು.

ಮನೆಯ ಹಿಂದಿನ ಕೋಣೆಯಲ್ಲಿ ಮಣಿಯಕ್ಕ ಗಾಜಿನ ಮಣಿ ಮಾಡುತ್ತಾ ಬಂದವಳು. ಬೆಂಕಿ ಉಗುಳುವ ಒಂದು ಟಾರ್ಚಿನ ಮುಂದೆ ಕೂತು, ಗಾಜಿನ ಕಡ್ಡಿ ಕರಗಿಸಿ, ತಂತಿಯ ತುದಿಗೆ ಸುತ್ತಿ ಮಣಿ ಇಳಿಸುವ ಕೆಲಸ. ಬೀದಿಯವರೆಲ್ಲ ಮಣಿಯಕ್ಕ ಎಂದು ಕರೆದು ಕರೆದು, ಅವಳ ನಿಜವಾದ ಹೆಸರು ವಿದ್ಯುತ್ ಬಿಲ್ಲಿಗೆ ಮಾತ್ರ ನೆನಪಿತ್ತು. ಹಳೆಯ ಟಾರ್ಚು ಬರಿಯ ಗ್ಯಾಸಿನಲ್ಲಿ ಉರಿಯುವಂಥದು. ಸಣ್ಣ ಮಣಿಗೆ ಸಾಕು, ಗಟ್ಟಿ ಗಾಜಿನ ಮುಂದೆ ಮಾತ್ರ ಅದರ ಆಟ ನಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಪೇಟೆಯ ಗುಂಡಿ ಅಂಗಡಿಯಾಕೆ ಬಂದು, ಹಾಡುವವರ ತಂಡವೊಂದರ ಕೋಟುಗಳಿಗೆ ದಪ್ಪ ಗಾಜಿನ ಗುಂಡಿಗಳು ಬೇಕೆಂದಳು. "ಶನಿವಾರ ಸಂಜೆಯೊಳಗೆ ಬೇಕು. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ, ಬೇರೆಯವರ ಹತ್ರ ಮಾಡಿಸ್ಕೋತೀನಿ. ಆಮೇಲೆ ಬೇಜಾರು ಬೇಡ" ಎಂದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಗುಂಡಿ ಹೊಲಿಯೋ ರಟ್ಟಿನ ಮೇಲೆ ನಿಮ್ಮ ಹೆಸರು ಅಚ್ಚು ಹಾಕಿಸ್ತೀನಿ" ಎಂದೂ ಸೇರಿಸಿದಳು.

ಆ ಕೊನೆಯ ಮಾತು ಮಣಿಯಕ್ಕನ ಎದೆಯೊಳಗೆ ಹೋಗಿ ಕೂತಿತು. ಇಷ್ಟು ವರ್ಷ ಅವಳ ಮಣಿಗಳು ಯಾರ ಯಾರದೋ ಅಂಗಡಿಯ ಹೆಸರಿನಲ್ಲಿ ಯಾರ ಯಾರದೋ ಕೊರಳು ಸೇರಿದ್ದವು. ರಟ್ಟಿನ ಮೇಲೆ ತನ್ನ ಹೆಸರು. "ಆಗುತ್ತೆ" ಎಂದುಬಿಟ್ಟಳು.

ಹೊಸ ಟಾರ್ಚು ಬಂತು. ಇದಕ್ಕೆ ಗ್ಯಾಸಿನ ಜೊತೆ ಆಕ್ಸಿಜನ್ನೂ ಬೇಕು. ಮಣಿಯಕ್ಕನ ತಮ್ಮ ಗ್ಯಾಸ್ ಫಿಟ್ಟರ್. ಬುಧವಾರ ಆಕ್ಸಿಜನ್ ಸಿಲಿಂಡರ್ ತರುತ್ತೇನೆ, ಬಂದಾಗ ಎಲ್ಲ ನಾನೇ ಜೋಡಿಸುತ್ತೇನೆ, ಅಲ್ಲಿಯತನಕ ಪೆಟ್ಟಿಗೆ ಮುಟ್ಟಬೇಡಿ ಎಂದು ಹೇಳಿ ಕಳಿಸಿದ್ದ.

ಮುಟ್ಟಬೇಡಿ ಎಂಬ ಮಾತೇ ಸಾಹೇಬರನ್ನು ಮುಟ್ಟಿದ್ದು.

"ನಮ್ಮನೇಲಿ ನಾಲ್ಕು ನಟ್ಟು ತಿರುಗಿಸೋಕೆ ನಿನ್ನ ತಮ್ಮ ಬರಬೇಕಾ?"

"ಅದು ಅವನ ಕಸುಬು ಕಣ್ರೀ."

"ನನ್ನ ಕಸುಬು ಏನಾಗಿತ್ತು? ಕಾರ್ಖಾನೆ ಸ್ಟೋರಿನಲ್ಲಿ ಜೀವಮಾನವಿಡೀ ನಟ್ಟು ಕೊಟ್ಟಿದ್ದೀನಿ."

"ಕೊಟ್ಟಿದ್ದೀರಿ. ತಿರುಗಿಸಿಲ್ಲ."

ಸಾಹೇಬರಿಗೆ ಮೈದುನನ ಮೇಲಿದ್ದ ಸಿಟ್ಟಿಗೆ ಒಂದು ಹಿನ್ನೆಲೆಯಿತ್ತು. ನಿವೃತ್ತರಾದ ಹೊಸದರಲ್ಲಿ ಅವರು ಬಚ್ಚಲಿನ ನಲ್ಲಿಯನ್ನು ತಾವೇ ಬದಲಾಯಿಸಿದ್ದರು. ಆ ನಲ್ಲಿ ಬಿಟ್ಟರೆ ನೀರು ಕೆಳಗೆ ಬೀಳುವ ಬದಲು ಎದುರಿಗಿದ್ದವರ ಮುಖಕ್ಕೆ ಹಾರುತ್ತಿತ್ತು. ತಮ್ಮ ಅದನ್ನು ನೋಡಿ, "ಭಾವ, ಇದು ನಲ್ಲಿನೋ ಕಾರಂಜಿನೋ? ಸುತ್ತ ಹೂವಿನ ಗಿಡ ನೆಡೋಣ್ವಾ?" ಎಂದಿದ್ದ. ಸಾಹೇಬರು ಅದನ್ನು ಮರೆತಿರಲಿಲ್ಲ. ಬುಧವಾರ ಅವನು ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿರಬೇಕು, ಅವನು ಸಿಲಿಂಡರ್ ಇಳಿಸಿ ಬಾಯಿ ಮುಚ್ಚಿಕೊಂಡು ಹೋಗಬೇಕು. ಇದು ಅವರ ಯುದ್ಧತಂತ್ರ.

ಟಾರ್ಚಿನ ಜೊತೆ ಬಂದ ಪುಸ್ತಿಕೆಯನ್ನು ಅವರು ಪರೀಕ್ಷೆಗೆ ಓದುವಂತೆ ಓದಿದರು. ಹಲವು ನಿಯಮಗಳಿದ್ದವು. ಎಲ್ಲವನ್ನೂ ಒಂದೊಂದು ಸಲ ಓದಿ ಮುಂದೆ ಹೋದವರು ಒಂದರ ಹತ್ತಿರ ನಿಂತರು. ಆಕ್ಸಿಜನ್ ಹಾಯುವ ಯಾವ ಭಾಗಕ್ಕೂ ಎಣ್ಣೆ, ಜಿಡ್ಡು ಸೋಕಬಾರದು. ಒತ್ತಡದಲ್ಲಿರುವ ಆಕ್ಸಿಜನ್ನಿಗೆ ಎಣ್ಣೆ ಸಿಕ್ಕರೆ ಬೆಂಕಿಕಡ್ಡಿ ಗೀರುವವರೂ ಬೇಕಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಈ ನಿಯಮ ಸಾಹೇಬರಿಗೆ ಬಹಳ ಹಿಡಿಸಿತು. ಉಳಿದ ನಿಯಮಗಳೆಲ್ಲ ಜೋಡಿಸುವವನಿಗೆ ಅನ್ವಯಿಸುವಂಥವು. ಇದೊಂದನ್ನು ಮನೆಮಂದಿಗೆಲ್ಲ ಅನ್ವಯಿಸಬಹುದಿತ್ತು.

ಹಿಂದಿನ ಕೋಣೆಯ ಬಾಗಿಲ ಮೇಲೆ ರಟ್ಟಿನ ಬೋರ್ಡು ಬಂತು: "ಎಣ್ಣೆಗೆ ಪ್ರವೇಶವಿಲ್ಲ." ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ಅದನ್ನು ಓದಿ, "ಒಳ್ಳೇದಾಯ್ತು ಬಿಡಿ ಅಕ್ಕ, ಬಿಡೋದೇ ಒಳ್ಳೇದು. ನಮ್ಮವರಿಗೂ ಇಂಥ ಬುದ್ಧಿ ಬರಲಿ" ಎಂದು ಕನಿಕರದಿಂದ ಹೇಳಿದಳು. ಸಾಹೇಬರು ಜೀವಮಾನದಲ್ಲಿ ಕುಡಿದವರಲ್ಲ ಎಂದು ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಮಣಿಯಕ್ಕನ ಅರ್ಧ ಬೆಳಗು ಹೋಯಿತು.

ಅಡುಗೆಮನೆಯ ಎಣ್ಣೆ ಡಬ್ಬಿ ಅದೇ ಪಕ್ಕದ ಮನೆಗೆ ಗಡೀಪಾರಾಯಿತು. ಭಾನುವಾರದಿಂದ ಮನೆಯಲ್ಲಿ ಬೇಯಿಸಿದ್ದೇ ಬೇಯಿಸಿದ್ದು. ಒಗ್ಗರಣೆಯ ಚಟಪಟ ಸದ್ದು ಕೇಳದೆ ಬೆಕ್ಕು ಕೂಡ ಊಟದ ಹೊತ್ತು ಯಾವುದೆಂದು ತಿಳಿಯದೆ ಅಲೆಯಿತು. ಹಿಂದಿನ ಕೋಣೆಯ ಬಾಗಿಲಿನ ತಿರುಗಣಿಗೆ ಯಾವ ಕಾಲದಲ್ಲೋ ಬಿಟ್ಟಿದ್ದ ಎಣ್ಣೆಯನ್ನು ಸಾಹೇಬರು ಸಾಬೂನು ಹಾಕಿ ತೊಳೆದರು. ಅಂದಿನಿಂದ ಆ ಬಾಗಿಲು ತೆಗೆದಾಗೆಲ್ಲ ಹಲ್ಲು ಕೀಳಿಸಿಕೊಳ್ಳುವವರಂತೆ ಕಿರುಚಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅತ್ತೆಗೆ. ಸಾಹೇಬರ ತಾಯಿ. ವಯಸ್ಸು ಎಂಬತ್ತು ದಾಟಿದೆ, ಕಣ್ಣು ಮಂದ, ಕಿವಿ ತಮಗೆ ಬೇಕಾದಷ್ಟು ಮಾತ್ರ ಚುರುಕು, ಮೂಗು ಮಾತ್ರ ಮೂರು ಮನೆಯಾಚೆ ಹಾಲು ಉಕ್ಕಿದರೂ ಹೇಳುವಂಥದು. ಮೊಣಕಾಲ ನೋವಿಗೆ ಸಂಜೆ ಸಂಜೆ ಒಂದು ಎಣ್ಣೆ ಹಚ್ಚಿಕೊಳ್ಳುವುದು ಅವರ ದಿನದ ಸುಖ. ಆ ಸೀಸೆಯನ್ನು ಮಗ ಬಂದು ಕೈಯಿಂದಲೇ ತೆಗೆದುಕೊಂಡ.

"ಬುಧವಾರದ ತನಕ ಅಷ್ಟೇ ಅಮ್ಮ."

"ನನ್ನ ಮೊಣಕಾಲಿಗೂ ನಿನ್ನ ಸಿಲಿಂಡರಿಗೂ ಏನೋ ಸಂಬಂಧ?"

"ನೀನು ಎಣ್ಣೆ ಕೈಲಿ ಗೋಡೆ ಹಿಡ್ಕೊಂಡು ಓಡಾಡ್ತೀಯ. ಗೋಡೆಯಿಂದ ಬಾಗಿಲು, ಬಾಗಿಲಿಂದ ಇವಳ ಕೈ, ಅಲ್ಲಿಂದ ನಟ್ಟು. ಜಿಡ್ಡು ನಡ್ಕೊಂಡು ಬರುತ್ತೆ ಅಮ್ಮ."

"ಅದಕ್ಕೆ ನಡಿಯೋಕಾಗುತ್ತೆ. ನನಗೇ ಆಗದು" ಎಂದು ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು.

ಅಂದಿನಿಂದ ಅವರು ಎದ್ದರೆ ಮೊಣಕಾಲು ಕರಕರ, ಹಿಂದಿನ ಬಾಗಿಲು ಕಿರಕಿರ. ಮಣಿಯಕ್ಕ ಕೆಲಸದ ಕೋಣೆಗೆ ಹೋಗಬೇಕಾದರೆ ಮೊದಲು ಕೈ ತೊಳೆದು, ಬಾಗಿಲಲ್ಲಿ ಗಂಡನಿಗೆ ಉಗುರು ತೋರಿಸಬೇಕಿತ್ತು. ಸಾಹೇಬರೂ ನಿಯಮ ತಪ್ಪಿದವರಲ್ಲ. ಪ್ರತಿ ಸಲ ಒಳಗೆ ಹೋಗುವ ಮುಂಚೆ ಮೊಣಕೈತನಕ ಸಾಬೂನು ಹಚ್ಚಿ ತೊಳೆದು, ಕೈಯೆರಡನ್ನೂ ಮೇಲೆತ್ತಿಕೊಂಡು, ಆಪರೇಷನ್ನಿಗೆ ಹೊರಟ ಡಾಕ್ಟರಂತೆ ನಡೆಯುತ್ತಿದ್ದರು. ತಲೆಯ ಮೇಲೆ ಉಣ್ಣೆಯ ಟೋಪಿ.

ಆ ಟೋಪಿಯ ಬಗ್ಗೆ ಒಂದು ಮಾತು. ಸಾಹೇಬರ ತಲೆ ಬೋಳಾಗಿ ಬಹಳ ಕಾಲವಾಗಿತ್ತು, ಅದರ ಬಗ್ಗೆ ಅವರು ತಲೆ ಕೆಡಿಸಿಕೊಂಡವರಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳೆಲ್ಲ ಸೇರಿ ತೆಗೆಸಿದ ಫೋಟೋ ಮನೆಗೆ ಬಂದ ಮೇಲೆ ಲೆಕ್ಕ ತಪ್ಪಿತು. ಆ ಫೋಟೋದಲ್ಲಿ ಛಾವಣಿಯ ದೀಪ ಎರಡು ಕಡೆ ಉರಿಯುತ್ತಿತ್ತು: ಒಂದು ಛಾವಣಿಯಲ್ಲಿ, ಇನ್ನೊಂದು ಅವರ ನೆತ್ತಿಯಲ್ಲಿ. ಮರುದಿನವೇ ಟೋಪಿ ಬಂತು. "ಥಂಡಿ" ಎಂದರು. ಸೆಕೆಗಾಲ ಬಂದರೂ ಅವರಿಗೆ ಥಂಡಿ ಹೋಗಲಿಲ್ಲ. ಮಣಿಯಕ್ಕ ಕೇಳಲಿಲ್ಲ. ಇತ್ತೀಚೆಗೆ ಅವರ ದಿಂಬಿನ ಚೀಲದ ನಡುವೆ ತಟ್ಟೆಯಗಲದ ಕಲೆ ಬೀಳುತ್ತಿತ್ತು. ಮನೆಯಲ್ಲಿ ಸುಟ್ಟ ಬೇರಿನಂಥ, ನಿಂಬೆಸಿಪ್ಪೆಯಂಥ ಒಂದು ವಾಸನೆಯೂ ಸುಳಿಯುತ್ತಿತ್ತು. ಅತ್ತೆಯ ಮೊಣಕಾಲಿನ ಎಣ್ಣೆಯದ್ದಿರಬೇಕು ಎಂದುಕೊಂಡಿದ್ದಳು. ಸೀಸೆ ಪಕ್ಕದ ಮನೆ ಸೇರಿದ ಮೇಲೂ ವಾಸನೆ ಇತ್ತು. ಅದನ್ನು ಯೋಚಿಸಲು ಪುರುಸೊತ್ತಾಗಲಿಲ್ಲ, ಗುಂಡಿಯ ಚಿಂತೆಯೇ ತಲೆ ತುಂಬ ಇತ್ತು.

ಮಂಗಳವಾರ ಜೋಡಣೆ ಶುರುವಾಯಿತು.

ಮೊದಲ ಕಾಳಗ ಗ್ಯಾಸಿನ ನಟ್ಟಿನ ಜೊತೆ. ಸಾಹೇಬರು ಬಲಕ್ಕೆ ತಿರುಗಿಸಿದರು, ಕೂರಲಿಲ್ಲ. ಒತ್ತಿ ತಿರುಗಿಸಿದರು, ಕೂರಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು ಟೋಪಿಯೊಳಗೆ ಕೈ ಹಾಕಿ ನೆತ್ತಿ ಉಜ್ಜಿಕೊಂಡರು. ಯೋಚನೆ ಬಿಗಿಯಾದಾಗ ಅದು ಅವರ ರೂಢಿ, ಸ್ಟೋರಿನ ಲೆಕ್ಕ ತಾಳೆಯಾಗದ ದಿನಗಳಿಂದಲೂ ಹಾಗೇ.

"ಕಾರ್ಖಾನೆಯವರು ಥ್ರೆಡ್ಡು ಉಲ್ಟಾ ಕೊರೆದಿದ್ದಾರೆ. ವಾಪಸ್ ಕಳಿಸಬೇಕು."

"ಗ್ಯಾಸಿನದು ಎಡಕ್ಕೇ ತಿರುಗಿಸೋದು ಕಣ್ರೀ" ಎಂದಳು ಮಣಿಯಕ್ಕ ಬಾಗಿಲಿನಿಂದ. "ಆಕ್ಸಿಜನ್ ಪೈಪು ತಪ್ಪಿ ಅಲ್ಲಿಗೆ ಸೇರಬಾರದು ಅಂತ ಹಾಗೆ ಮಾಡಿರ್ತಾರೆ. ನಟ್ಟಿನ ಮೈಮೇಲೆ ಕಚ್ಚು ಇದೆಯಲ್ಲ, ಅದೇ ಗುರುತು."

"ಗೊತ್ತಿತ್ತು. ನಿನಗೆ ಗೊತ್ತಾ ಅಂತ ನೋಡ್ದೆ."

ಮುಂದಿನದು ಟೇಪು. ನಲ್ಲಿ ಜೋಡಿಸುವಾಗ ಥ್ರೆಡ್ಡಿಗೆ ಸುತ್ತುವ ಬಿಳಿ ಟೇಪಿನ ಮೇಲೆ ಸಾಹೇಬರಿಗೆ ಅಪಾರ ನಂಬಿಕೆ. ಥ್ರೆಡ್ಡು ಕಂಡಲ್ಲೆಲ್ಲ ಸುತ್ತಿದರು. ಟಾರ್ಚು ಮೈತುಂಬ ಪಟ್ಟಿ ಕಟ್ಟಿಸಿಕೊಂಡು ಅಪಘಾತದಿಂದ ಎದ್ದು ಬಂದಂತೆ ಕಂಡಿತು. ಲೋಹಕ್ಕೆ ಲೋಹವೇ ಕೂತು ಬಿಗಿಯಾಗುವ ಕಡೆ ಟೇಪು ಸುತ್ತಬಾರದು ಎಂಬುದು ಪುಸ್ತಿಕೆಯಲ್ಲಿ ಅವರು ಒಂದೇ ಸಲ ಓದಿದ ನಿಯಮಗಳಲ್ಲಿ ಸೇರಿತ್ತು. ಮಣಿಯಕ್ಕ ಆ ಪುಟ ತೆರೆದು ಅವರ ಮೂಗಿನ ಕೆಳಗೆ ಹಿಡಿದಳು. ಸಾಹೇಬರು ಕೈ ತೊಳೆದು ಬಂದು ಟೇಪು ಬಿಚ್ಚಿದರು, ನೆತ್ತಿ ಉಜ್ಜಿಕೊಂಡರು, ಮತ್ತೆ ಬಿಗಿದರು. ಆಕ್ಸಿಜನ್ನಿನ ರೆಗ್ಯುಲೇಟರ್, ಅದರ ಪೈಪು, ಟಾರ್ಚಿನ ಆ ಕಡೆಯ ಮೂತಿ, ಎಲ್ಲವನ್ನೂ ಇದೇ ಕ್ರಮದಲ್ಲಿ ಜೋಡಿಸಿದರು: ತೊಳೆಯುವುದು, ಯೋಚಿಸುವುದು, ಬಿಗಿಯುವುದು.

ಸಂಜೆ ಗ್ಯಾಸಿನ ಕಡೆಯ ಪರೀಕ್ಷೆ. ಪಾತ್ರೆ ತೊಳೆಯುವ ಸಾಬೂನು ಕಲಸಿದ ನೀರನ್ನು ತಾವು ಗಡ್ಡ ಬೋಳಿಸುವಾಗ ಬಳಸುವ ಬ್ರಷ್ಷಿನಿಂದ ಜೋಡಣೆಗಳಿಗೆ ಬಳಿದರು. ಒಂದು ಕಡೆ ಪುಟ್ಟ ಗುಳ್ಳೆಯೊಂದು ಎದ್ದು, ಉಬ್ಬಿ, ಒಡೆಯಿತು. ಸಾಹೇಬರು ಅದರ ಮೇಲೆ ಹಗೆಯವನ ಮೇಲೆ ಬಿದ್ದಂತೆ ಬಿದ್ದು ನಟ್ಟು ಬಿಗಿದರು. ಮತ್ತೆ ಬಳಿದರು. ಏನೂ ಏಳಲಿಲ್ಲ.

"ಬಾರೇ, ಬಂದು ನೋಡು. ಅಮ್ಮ, ನೀನೂ ಬಾ. ಒಂದು ಗುಳ್ಳೆ ತೋರಿಸಿ, ನನ್ನ ಮೀಸೆ ಬೋಳಿಸ್ತೀನಿ."

"ಅದನ್ನೂ ಬೋಳಿಸಿದ್ರೆ ಏನೋ ಉಳಿಯುತ್ತೆ ನಿನಗೆ" ಎಂದರು ಅತ್ತೆ ಮಲಗಿದಲ್ಲಿಂದಲೇ.

ಗೆದ್ದವರಿಗೆ ಸುಮ್ಮನಿರುವುದು ಕಷ್ಟ. ಸಾಹೇಬರು ಬ್ರಷ್ಷು ಹಿಡಿದು ಮನೆ ಸುತ್ತಿದರು. ಅಡುಗೆಮನೆಯ ಒಲೆ, ಕುಕ್ಕರಿನ ಮುಚ್ಚಳ, ಸೈಕಲ್ಲಿನ ಟ್ಯೂಬು, ಕೊನೆಗೆ ಅತ್ತೆಯ ಬಿಸಿನೀರಿನ ರಬ್ಬರ್ ಚೀಲ. ಚೀಲದಲ್ಲಿ ಗುಳ್ಳೆ ಎದ್ದಿತು. ಅದನ್ನೂ ವಶಪಡಿಸಿಕೊಂಡರು. ಎಣ್ಣೆ ಹೋಗಿ ಬಿಸಿನೀರಿಗೆ ಇಳಿದಿದ್ದ ಅತ್ತೆಯ ಮೊಣಕಾಲಿಗೆ ಅದೂ ಇಲ್ಲದಾಯಿತು. ಅವರು ಮಗನನ್ನು ನೋಡಿದ ನೋಟದಲ್ಲಿ, ಈ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ ಎಂಬುದು ಮಣಿಯಕ್ಕನಿಗೆ ಸ್ಪಷ್ಟವಾಗಿ ಕಾಣಿಸಿತು.

ಬುಧವಾರ ಮಧ್ಯಾಹ್ನ ತಮ್ಮ ಬಂದ. ಸಿಲಿಂಡರನ್ನು ಉರುಳಿಸಿ ತಂದು, ಗೋಡೆಗೆ ನಿಲ್ಲಿಸಿ ಸರಪಳಿ ಬಿಗಿದ. ಕಿರುಚುವ ಬಾಗಿಲನ್ನು ನೋಡಿದ, ಬೋರ್ಡನ್ನು ನೋಡಿದ, ಸಾಹೇಬರ ಟೋಪಿಯನ್ನೂ ನೋಡಿದ.

"ಪರವಾಗಿಲ್ವೇ ಭಾವ. ಎಲ್ಲಾ ಜೋಡಿಸಿಬಿಟ್ಟಿದ್ದೀರಿ. ಆನ್ ಮಾಡಿದ್ರೆ ಮುಖಕ್ಕೆ ಹಾರಲ್ಲ ತಾನೇ?"

"ಕೈ ತೊಳ್ಕೊಂಡ್ಯಾ?" ಎಂದರು ಸಾಹೇಬರು ತಣ್ಣಗೆ.

ತಮ್ಮ ಕೈ ತೊಳೆಯಲು ಬಚ್ಚಲಿಗೆ ಹೋದ. ಅವನು ಬರುವಷ್ಟರಲ್ಲಿ ಕೆಲಸ ಮುಗಿಸಿ ತೋರಿಸಬೇಕೆಂಬ ಆತುರ ಸಾಹೇಬರಿಗೆ. ರೆಗ್ಯುಲೇಟರನ್ನು ಸಿಲಿಂಡರಿನ ಬಾಯಿಗೆ ಕೂರಿಸಿ ಬಿಗಿದೇಬಿಟ್ಟರು. ವಾಲ್ವಿನ ಮೇಲೆ ಕೈ ಇಟ್ಟರು.

ಮಣಿಯಕ್ಕ ಕಿಟಕಿಯ ಪಕ್ಕ ನಿಂತಿದ್ದಳು. ಗಾಜಿನ ಕೆಲಸದವರಿಗೆ ಹೊಳಪಿನ ಜಾತಿ ಗೊತ್ತಿರುತ್ತದೆ. ಗಾಜಿನ ಕಡ್ಡಿಯ ಮೇಲೆ ಬೆರಳಿನ ಗುರುತು ಉಳಿದರೆ ಮಣಿ ಕೆಡುತ್ತದೆ, ಹಾಗಾಗಿ ಹಗಲೆಲ್ಲ ಅವಳ ಕಣ್ಣು ಹುಡುಕುವುದೇ ಅಂಥ ಗುರುತನ್ನು. ರೆಗ್ಯುಲೇಟರಿನ ಹಿತ್ತಾಳೆಯ ಮೇಲೆ ಬಿಸಿಲು ಬಿದ್ದಿತ್ತು. ಅಲ್ಲಿ ಹಿತ್ತಾಳೆಯದಲ್ಲದ ಒಂದು ಹೊಳಪು, ಕಾಮನಬಿಲ್ಲಿನ ಚೂರಿನಂತೆ.

"ರೀ, ಕೈ ತೆಗೀರಿ."

ದನಿ ಏರಿಸಲಿಲ್ಲ. ಏರಿಸಿದ್ದರೆ ಸಾಹೇಬರು ವಾದ ಮಾಡುತ್ತಿದ್ದರು. ಅವಳು ಹೇಳಿದ ರೀತಿಗೆ ಕೈ ತಾನಾಗಿ ಹಿಂದೆ ಬಂತು.

ಅಷ್ಟರಲ್ಲಿ ಬಂದ ತಮ್ಮ ಅವಳು ತೋರಿಸಿದ ನಟ್ಟನ್ನು ಬಿಳಿಯ ಕಾಗದದ ತುಂಡಿನಿಂದ ಒರೆಸಿ ಅಕ್ಕನ ಮುಂದೆ ಹಿಡಿದ. ಹಳದಿ ಕಲೆ. ಅವನ ಮುಖದಲ್ಲಿದ್ದ ನಗೆ ಇಳಿಯಿತು.

"ಅಕ್ಕ, ಇದು ಎಣ್ಣೆ. ವಾಲ್ವ್ ತಿರುಗಿಸಿದ್ರೆ..." ಎಂದವನು ಮಾತು ಮುಗಿಸಲಿಲ್ಲ. "ಆಕ್ಸಿಜನ್ ಕಡೇದು ಎಲ್ಲಾ ಬಿಚ್ಚಬೇಕು. ಒರೆಸಿ ಬಳಸೋ ಹಾಗಿಲ್ಲ. ಗ್ಯಾಸ್ ಡಿಪೋಗೆ ಹೋಗಿ ತೊಳೆದು ಬರಬೇಕು."

"ಶನಿವಾರದೊಳಗೆ?" ಎಂದಳು ಮಣಿಯಕ್ಕ.

"ನೋಡ್ತೀನಿ" ಎಂದ. ಆ 'ನೋಡ್ತೀನಿ' ಅವಳಿಗೆ ಹಿಡಿಸಲಿಲ್ಲ. ರಟ್ಟಿನ ಮೇಲೆ ಅಚ್ಚಾಗಬೇಕಿದ್ದ ಹೆಸರು ಕಣ್ಣಮುಂದೆಯೇ ಮಸುಕಾಯಿತು.

ಸಾಹೇಬರ ಮುಖ ಕೆಂಪಗಾಗಿತ್ತು. "ಯಾರು? ಈ ಮನೇಲಿ ನನ್ನ ಕಣ್ಣು ತಪ್ಪಿಸಿ ಎಣ್ಣೆ ಮುಟ್ಟಿದವರು ಯಾರು?" ಎಂದು ತಾಯಿಯ ಕೋಣೆಯ ಕಡೆ ನೋಡಿದರು. ಅತ್ತೆ ಅಷ್ಟರಲ್ಲಿ ಗೋಡೆ ಹಿಡಿದು ಕರಕರ ಎನ್ನುತ್ತಾ ಬಾಗಿಲಿಗೆ ಬಂದು, ಮೂಗು ಅರಳಿಸಿ ಒಳಗಿನ ಗಾಳಿ ಎಳೆದುಕೊಂಡರು.

"ನನ್ನ ಕಡೆ ನೋಡ್ಬೇಡ. ನನ್ನದು ಪಕ್ಕದ ಮನೇಲಿದೆ. ಇದು ನನ್ನ ಎಣ್ಣೆ ವಾಸನೆ ಅಲ್ಲ. ಯಾರದ್ದು ಅಂತ ನೋಡ್ಬೇಕಾದ್ರೆ ಎಲ್ಲರ ಕೈನೂ ಕಾಗದಕ್ಕೆ ಒತ್ತಿಸು. ಕರಿದದ್ದು ಕಟ್ಟಿಕೊಟ್ಟ ಪೊಟ್ಟಣ ನೋಡಿಲ್ವೇನೋ? ಎಣ್ಣೆ ಸೋಕಿದ ಕಡೆ ಬೆಳಕು ಆಚೆ ಕಾಣುತ್ತೆ."

ಈ ವಿಧಾನದಲ್ಲಿ ವಿಜ್ಞಾನವಿದೆ ಎಂದು ಸಾಹೇಬರಿಗೆ ಅನ್ನಿಸಿತು. ಅಂಗಡಿಯಿಂದ ಸಾಮಾನು ಕಟ್ಟಿಕೊಂಡು ಬಂದಿದ್ದ ತೆಳು ಕಾಗದವನ್ನು ಸಮನಾಗಿ ಹರಿದು, ವಿಚಾರಣೆಯ ಅಧ್ಯಕ್ಷತೆಯನ್ನು ತಾವೇ ವಹಿಸಿಕೊಂಡರು. "ನ್ಯಾಯ ನನ್ನಿಂದಲೇ ಶುರುವಾಗಲಿ" ಎಂದು ಆಗಷ್ಟೇ ತೊಳೆದಿದ್ದ ಅಂಗೈಯನ್ನು ಮೊದಲ ಹಾಳೆಗೆ ಒತ್ತಿದರು. ಆಮೇಲೆ ಅತ್ತೆ ಒತ್ತಿದರು. ಸಾಹೇಬರು ನೆತ್ತಿ ಉಜ್ಜಿಕೊಂಡು ಆ ಹಾಳೆ ಎತ್ತಿಟ್ಟರು. ಮಣಿಯಕ್ಕ ಒತ್ತಿದಳು. ಮತ್ತೆ ಉಜ್ಜಿಕೊಂಡು ಎತ್ತಿಟ್ಟರು. "ಈಗ ನೀನು. ಚೆನ್ನಾಗಿ ಒತ್ತು, ಜಾರಿಸ್ಬೇಡ" ಎಂದು ಮೈದುನನ ಕೈಯನ್ನು ಮೇಲಿಂದ ಅದುಮಿದರು. ಅವನೇ ಇರಬೇಕು ಎಂಬ ಆಸೆ ಆ ಅದುಮಿನಲ್ಲಿತ್ತು.

ಹಾಳೆಗಳನ್ನು ಒಂದೊಂದಾಗಿ ಎತ್ತಿ ಕಿಟಕಿಗೆ ಹಿಡಿದರು.

ಅತ್ತೆಯದು: ನಡುವೆ ಏನೂ ಇಲ್ಲ. ಮೂಲೆಯಲ್ಲಿ ಮಾತ್ರ ಹೆಬ್ಬೆರಳಿನ ಗಾತ್ರದ ಒಂದು ಬೆಳಕಿನ ಕಿಂಡಿ. ಮಣಿಯಕ್ಕನದು: ನಡುವೆ ಏನೂ ಇಲ್ಲ, ಮೂಲೆಯಲ್ಲಿ ಅದೇ ಕಿಂಡಿ. ತಮ್ಮನದು: ಮೂಲೆಯಲ್ಲಿ ಅದೇ. ಕೊನೆಗೆ ಸ್ವಂತದ ಹಾಳೆ ಎತ್ತಿ ಹಿಡಿದರು. ಅದರ ಮೂಲೆಯಲ್ಲೂ ಅವರ ಕಣ್ಣೆದುರಿಗೇ ಕಿಂಡಿಯೊಂದು ಮೆಲ್ಲಗೆ ತೆರೆದುಕೊಂಡಿತು.

ಸಾಹೇಬರು ಹಾಳೆಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಮತ್ತೆ ಕಿಟಕಿಗೆ ಹಿಡಿದರು. "ಕಾಗದದಲ್ಲೇ ದೋಷ ಇದೆ" ಎಂದರು. "ತಯಾರಾಗುವಾಗಲೇ ಬಂದಿರೋದು. ಎಲ್ಲದರಲ್ಲೂ ಒಂದೇ ಜಾಗದಲ್ಲಿದೆ ನೋಡಿ."

"ಕಾಗದಕ್ಕೆ ಹೆಬ್ಬೆಟ್ಟು ಇರುತ್ತೇನೋ?" ಎಂದರು ಅತ್ತೆ.

ಸಾಹೇಬರ ಕೈ ರೂಢಿಯಂತೆ ಮತ್ತೆ ಟೋಪಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಮೂವರೂ ಆ ಕೈಯನ್ನೇ ನೋಡುತ್ತಿದ್ದರು.

"ಟೋಪಿ ತೆಗಿ" ಎಂದರು ಅತ್ತೆ.

"ಥಂಡಿ ಅಮ್ಮ."

"ತೆಗಿಯೋ."

ಅರವತ್ತು ದಾಟಿದ ಮಗ ಟೋಪಿ ತೆಗೆದ. ಕಿಟಕಿಯ ಬೆಳಕೆಲ್ಲ ಅಲ್ಲಿಗೆ ಹೋಗಿ ಕೂತಿತು. ಸುಟ್ಟ ಬೇರು, ನಿಂಬೆಸಿಪ್ಪೆ, ಇಷ್ಟು ದಿನ ದಿಂಬಿನಲ್ಲಿ, ಗೋಡೆಯಲ್ಲಿ, ಮೊಣಕಾಲಿನಲ್ಲಿ ಹುಡುಕಿದ ವಾಸನೆಯೆಲ್ಲ ಒಟ್ಟಾಗಿ ಕೋಣೆಗೆ ಇಳಿಯಿತು.

"ಕ್ಷೌರದಂಗಡಿಯವನು ಹೇಳಿದ" ಎಂದರು ಸಾಹೇಬರು ನೆಲ ನೋಡುತ್ತಾ. "ಬೇರು ಸತ್ತಿಲ್ಲವಂತೆ. ಮಲಗಿವೆಯಂತೆ. ದಿನಾ ಬೆಳಿಗ್ಗೆ ಎಣ್ಣೆ ತಿಕ್ಕಿ ಬೆಚ್ಚಗಿಟ್ರೆ ಏಳ್ತಾವಂತೆ."

"ನಿಮ್ಮಪ್ಪನೂ ಇದನ್ನೇ ಹಚ್ಕೊಂಡ್ರು" ಎಂದರು ಅತ್ತೆ. "ಈ ವಾಸನೆ ನಾನು ಮರೀತೀನಾ? ಏನೂ ಏಳಲಿಲ್ಲ. ದಿಂಬು ಒಗೆದು ಒಗೆದು ನಾನೇ ಮಲಗಿಬಿಟ್ಟೆ."

"ಭಾವ, ಆ ಬೋರ್ಡು ಬಾಗಿಲಿಗಲ್ಲ, ನಿಮ್ಮ ಹಣೆಗೆ ಕಟ್ಟಬೇಕಿತ್ತು" ಎಂದ ತಮ್ಮ. ನಲ್ಲಿಯ ಮಾತಿಗಿಂತ ಇದು ಹೆಚ್ಚು ವರ್ಷ ಬಾಳುತ್ತದೆ ಎಂಬುದು ಸಾಹೇಬರಿಗೆ ಆ ಕ್ಷಣವೇ ಗೊತ್ತಾಯಿತು.

ಮಣಿಯಕ್ಕ ನಗಲಿಲ್ಲ. ಅವಳ ಕಣ್ಣು ಇನ್ನೂ ಸಿಲಿಂಡರಿನ ವಾಲ್ವಿನ ಮೇಲಿತ್ತು.

"ರೀ, ತಲೇಲಿ ಕೂದಲಿಲ್ಲ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ?"

"ಇಲ್ಲ."

"ಇವತ್ತು ಆ ವಾಲ್ವ್ ತಿರುಗಿಸಿ ಮುಖಾನೂ ಇಲ್ದೇ ಹೋಗಿದ್ರೆ, ಆಗ ಅಂತಿದ್ದೆ."

ಸಾಹೇಬರು ಕಪಾಟಿನ ಹಿಂದೆ ಬಚ್ಚಿಟ್ಟಿದ್ದ ತಲೆಯೆಣ್ಣೆಯ ಸೀಸೆಯನ್ನು ತಂದು ತಾಯಿಯ ಕೈಯಲ್ಲಿಟ್ಟರು. ಪಕ್ಕದ ಮನೆಗೆ ಹೋಗಿ ಎಣ್ಣೆ ಡಬ್ಬಿಯನ್ನೂ ತಂದರು. ಬೆಕ್ಕು ಅವರ ಹಿಂದೆಯೇ ಅಡುಗೆಮನೆಗೆ ಬಂತು.

ತಮ್ಮ ಆಕ್ಸಿಜನ್ ಕಡೆಯದನ್ನೆಲ್ಲ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೋದ. ಗುರುವಾರವೆಲ್ಲ ಮಣಿಯಕ್ಕ ತಣ್ಣಗಿನ ಟೇಬಲ್ಲಿನ ಮುಂದೆ ಗಾಜಿನ ಕಡ್ಡಿಗಳನ್ನು ಒರೆಸುತ್ತಾ ಕೂತಳು. ಒಂದನ್ನೇ ಒರೆಸಿ ಒರೆಸಿ ಮತ್ತೆ ಅದನ್ನೇ ಒರೆಸಿದಳು. ಬೀದಿಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ಸಾಹೇಬರು ಹೊರಗೆ ಹೋಗಿ ಬಂದರು.

ಸಂಜೆಗೆ ತಮ್ಮ ಬಂದ. ತೊಳೆದ ಟಾರ್ಚು, ಪೊಟ್ಟಣ ಒಡೆಯದ ಹೊಸ ರೆಗ್ಯುಲೇಟರು, ಹೊಸ ಪೈಪು. ಸೋರಿಕೆ ನೋಡಲು ಆಕ್ಸಿಜನ್ನಿಗೆಂದೇ ಇರುವ ದ್ರಾವಣದ ಸೀಸೆಯನ್ನೂ ತಂದಿದ್ದ. ಗಡ್ಡದ ಬ್ರಷ್ಷನ್ನು ಎರಡು ಬೆರಳಿನಲ್ಲಿ ಹಿಡಿದು ಕಿಟಕಿಯಿಂದ ಭಾವನಿಗೆ ವಾಪಸು ಕೊಟ್ಟ. ಸಾಹೇಬರಿಗೆ ಒಳಗೆ ಪ್ರವೇಶವಿರಲಿಲ್ಲ. ಅವರು ಹೊರಗೆ ಕಿಟಕಿಯ ಸರಳು ಹಿಡಿದು, ಬರಿದಲೆಯಲ್ಲಿ, ಸಂಜೆಯ ಗಾಳಿಗೆ ನಿಂತಿದ್ದರು. ಈಗ ಅವರಿಗೆ ನಿಜವಾಗಿಯೂ ಥಂಡಿಯಾಗುತ್ತಿತ್ತು.

ಮಣಿಯಕ್ಕ ಸಿಲಿಂಡರಿನ ಪಕ್ಕಕ್ಕೆ ನಿಂತು ವಾ‌ಲ್ವನ್ನು ಮೆಲ್ಲಗೆ ತೆರೆದಳು. ಜೋಡಣೆಗಳಿಗೆ ದ್ರಾವಣ ಬಳಿದು ಬಗ್ಗಿ ನೋಡಿದಳು.

"ಗುಳ್ಳೆ?" ಎಂದು ಕಿಟಕಿ ಕೇಳಿತು.

"ಇಲ್ಲ."

"ನಾನು ಹೇಳಿರ್ಲಿಲ್ವಾ?"

ಟಾರ್ಚು ಹೊತ್ತಿತು. ಹಳದಿಯಾಗಿ ಎದ್ದ ಉರಿ ಆಕ್ಸಿಜನ್ ಬಿಡುತ್ತಿದ್ದಂತೆ ನೀಲಿಯಾಗಿ, ಚೂಪಾಗಿ, ಹಿಸ್ಸೆಂದು ನಿಂತಿತು. ಇಷ್ಟು ವರ್ಷ ಸೊಪ್ಪು ಹಾಕದ ಗಟ್ಟಿ ಗಾಜು ಅದರ ಮುಂದೆ ಜೇನಿನ ಹಾಗೆ ಬಗ್ಗಿತು.

ಶುಕ್ರವಾರ, ಶನಿವಾರ ಮಣಿಯಕ್ಕ ಎದ್ದದ್ದು ಊಟಕ್ಕೆ ಮಾತ್ರ. ಅಂಗಡಿಯಾಕೆ ಹೆಸರು ಅಚ್ಚು ಹಾಕಿಸಿ ಕಳಿಸಿದ್ದ ರಟ್ಟಿಗೆ ಗುಂಡಿಗಳನ್ನು ಹೊಲಿಯುವ ಕೆಲಸ ಸಾಹೇಬರ ಪಾಲಿಗೆ ಬಂತು. ಅದನ್ನವರು ಸ್ಟೋರಿನ ಶಿಸ್ತಿನಲ್ಲಿ, ಸಾಲು ತಪ್ಪದೆ ಮಾಡಿದರು. ಕೂರುವ ಮುಂಚೆ ಅತ್ತೆ ಕಾಗದದ ತುಂಡು ಹಿಡಿದು "ಬಗ್ಗು" ಎನ್ನುತ್ತಿದ್ದರು. ಸಾಹೇಬರು ಬಗ್ಗುತ್ತಿದ್ದರು. ಅತ್ತೆ ಕಾಗದವನ್ನು ನೆತ್ತಿಗೆ ಒತ್ತಿ, ಕಿಟಕಿಗೆ ಹಿಡಿದು, ಕಣ್ಣು ಸರಿಯಾಗಿ ಕಾಣದಿದ್ದರೂ ಬಹಳ ಹೊತ್ತು ಪರೀಕ್ಷಿಸಿ, "ಹೋಗು" ಎನ್ನುತ್ತಿದ್ದರು.

ಶನಿವಾರ ಸಂಜೆ ಅಂಗಡಿಯಾಕೆ ಬಂದಳು. ಒಂದು ರಟ್ಟನ್ನು ಕೈಗೆತ್ತಿಕೊಂಡಳು. ಮೇಲುಗಡೆ ದಪ್ಪಕ್ಷರದಲ್ಲಿ ಮಣಿಯಕ್ಕ ಎಂದಿತ್ತು, ಕೆಳಗೆ ಗುಂಡಿಗಳ ಸಾಲು. ದೀಪಕ್ಕೆ ಹಿಡಿದು ಆಚೀಚೆ ತಿರುಗಿಸಿ, "ಎಷ್ಟು ಚೆನ್ನಾಗಿ ಬಂದಿವೆ. ಎಣ್ಣೆ ಹಚ್ಚಿದ ಹಾಗೆ ಹೊಳೀತಾ ಇವೆಯಲ್ರೀ" ಎಂದಳು.

ಸಾಹೇಬರು ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನರಾದರು. ಮಣಿಯಕ್ಕ ಮೊದಲ ಸಲ ನಗು ತಡೆಯಲಾರದೆ ಮುಖ ತಿರುಗಿಸಿದಳು.

"ಎಣ್ಣೆ ಎಲ್ಲಾ ನನ್ನ ಮೊಣಕಾಲಿಗೆ ಬಂತು ಕಣಮ್ಮ" ಎಂದರು ಅತ್ತೆ ಒಳಗಿನಿಂದ. "ನೋವಿಗೆ ಬಹಳ ಒಳ್ಳೇದು. ಕೂದಲು ಬಂದ್ರೆ ಅವನಿಗೆ ಹೇಳಿ ಕಳಿಸ್ತೀನಿ."

ಈಗ ಸಾಹೇಬರು ಬೆಳಿಗ್ಗೆ ಎದ್ದ ಕೂಡಲೇ ತಾಯಿಯ ಮೊಣಕಾಲನ್ನು ವಿಚಾರಿಸುತ್ತಾರೆ. ನೋವು ಹೇಗಿದೆಯಮ್ಮ ಎಂದು ಪಕ್ಕದಲ್ಲಿ ಕೂತು ಕೇಳುತ್ತಾರೆ. ಎಂಥ ಮಗ ಎಂದು ಪಕ್ಕದ ಮನೆಯಾಕೆಗೆ ಮೆಚ್ಚುಗೆ. ಕೇಳುವಾಗ ಅವರು ಕನ್ನಡಕ ಹಾಕಿಕೊಂಡು ಮೊಣಕಾಲಿನ ಹತ್ತಿರ ಅಷ್ಟೊಂದು ಬಗ್ಗುವುದು ಯಾಕೆಂದು ಮಣಿಯಕ್ಕನಿಗೆ ಮಾತ್ರ ಗೊತ್ತು.